ಒಂಬತ್ತು ಜನ ಇದ್ದೇವೆ, ಇನ್ನೊಬ್ಬರು ಬೇಕು

ದೋಸ್ತ,

ಹೀಗೆ ಉದ್ದಕ್ಕೆ ಬರೆದು ಎಷ್ಟು ವರ್ಷ ಆಯಿತೋ. ಫೋನಿನಲ್ಲಿ ಮಾತಾಡುತ್ತೇವೆ, ನಿಜ. ಆದರೆ ಮಳೆ, ಮಕ್ಕಳು, ನಿನ್ನ ಬಿಪಿ, ನನ್ನ ಬಿಪಿ, ಅಷ್ಟರಲ್ಲೇ ಮಾತು ಮುಗಿದುಹೋಗುತ್ತದೆ. ಈ ಪತ್ರವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ನಿನ್ನೊಬ್ಬನಿಗೇ ಕಳಿಸುವುದಾದರೆ ಅರ್ಧಕ್ಕೇ ನಿಲ್ಲಿಸಿಬಿಡುತ್ತಿದ್ದೆ. ನಾಲ್ಕು ಜನ ಓದುತ್ತಾರೆ ಅಂದರೆ ಮುಗಿಸಲೇಬೇಕಲ್ವಾ. ಛತ್ರಿ ವಿಷಯ ಇಲ್ಲಿ ಬರೆಯುವುದಿಲ್ಲ, ಹೆದರಬೇಡ.

ನಮ್ಮ ಬಿಲ್ಡಿಂಗಿನ ಕೆಳಗಿನ ಮನೆಯ ಕಾಕಾರ ಬಗ್ಗೆ ನಿನಗೆ ಒಂದೆರಡು ಸಲ ಹೇಳಿದ್ದೆ. ರೈಲ್ವೆಯಲ್ಲಿದ್ದು ನಿವೃತ್ತರಾದವರು. ಅಡ್ಡಹೆಸರು 'ಕರ್' ಅಂತ ಮುಗಿಯುತ್ತದೆ, ಮಾತು ಅಪ್ಪಟ ಮರಾಠಿ. ಮುಂಬಯಿ ಪಕ್ಕದ ಈ ಠಾಣೆ ಊರಿಗೆ ಬಂದ ಹೊಸದರಲ್ಲಿ ಅವರನ್ನು ಕೊಂಕಣದ ಯಾರೋ ಮರಾಠರು ಅಂದುಕೊಂಡಿದ್ದೆ. ಬಾಗಿಲ ಚೌಕಟ್ಟಿಗೆ ಓರೆಯಾಗಿ ಬಡಿದ ಒಂದು ಸಣ್ಣ ಕೊಳವೆ ಇತ್ತು. ಒಳಗೆ ಹೋಗುವಾಗ, ಹೊರಗೆ ಬರುವಾಗ ಕಾಕಾ ಅದನ್ನು ಮುಟ್ಟಿ, ಮುಟ್ಟಿದ ಬೆರಳಿಗೆ ಮುತ್ತು ಕೊಡುತ್ತಿದ್ದರು. ಅದು ಮೆಜುಜಾ, ಒಳಗೆ ಧರ್ಮಗ್ರಂಥದ ಸಾಲು ಬರೆದ ಚರ್ಮದ ಚೂರು ಇರುತ್ತದೆ ಅಂತ ಆಮೇಲೆ ಗೊತ್ತಾಯಿತು. ಅವರು ಬೆನೆ ಇಸ್ರೇಲ್. ಯಹೂದಿಗಳು.

ಪರಿಚಯ ಆಗಿದ್ದು ಒಣದ್ರಾಕ್ಷಿಯಿಂದ. ನಾನು ಮಸ್ಜಿದ್ ಬಂದರಿನಲ್ಲಿ ಡ್ರೈಫ್ರೂಟ್ಸ್ ಅಂಗಡಿಯ ಲೆಕ್ಕ ಬರೆಯುವವನು ಅಂತ ಕಾಕಾರಿಗೆ ಯಾರೋ ಹೇಳಿದ್ದಾರೆ. ಒಂದು ದಿನ ಮೆಟ್ಟಿಲ ಮೇಲೆ ನಿಲ್ಲಿಸಿ, "ಒಳ್ಳೆ ಕರಿ ದ್ರಾಕ್ಷಿ ಕಾಲು ಕಿಲೋ ತರ್ತೀಯಾ?" ಅಂದರು. ಪ್ರತಿ ವಾರ ಬೇಕು, ಶುಕ್ರವಾರದೊಳಗೆ ಬೇಕು. ಯಾಕೆ ಅಂತ ಕೇಳಿದೆ. "ಬಾ, ತೋರಿಸ್ತೀನಿ" ಅಂದರು.

ಶುಕ್ರವಾರ ಮಧ್ಯಾಹ್ನ ದ್ರಾಕ್ಷಿಯನ್ನು ತೊಳೆದು ನೀರಿನಲ್ಲಿ ನೆನೆ ಹಾಕುತ್ತಾರೆ. ಉಬ್ಬಿದ ಮೇಲೆ ಕೈಯಿಂದಲೇ ಹಿಸುಕುತ್ತಾರೆ, ಬೆರಳ ಸಂದಿಯಿಂದ ಕಂದು ಬಣ್ಣದ ರಸ ಇಳಿಯುತ್ತದೆ. ಬಿಳಿ ಬಟ್ಟೆಯಲ್ಲಿ ಸೋಸಿ ಬೆಳ್ಳಿ ಲೋಟಕ್ಕೆ ಹಾಕಿಡುತ್ತಾರೆ. ಬೇರೆ ದೇಶದ ಯಹೂದಿಗಳು ಶುಕ್ರವಾರ ರಾತ್ರಿ ದ್ರಾಕ್ಷಾರಸದ ಮೇಲೆ ಮಂತ್ರ ಹೇಳುತ್ತಾರೆ, ಅದಕ್ಕೆ ಕಿದ್ದೂಶ್ ಅಂತ ಹೆಸರು. ಕೊಂಕಣದ ಹಳ್ಳಿಯಲ್ಲಿ ಗಾಣ ತಿರುಗಿಸುತ್ತಿದ್ದವರಿಗೆ ಅವರ ವಿಧಿಗೆ ಒಪ್ಪುವ ದ್ರಾಕ್ಷಾರಸ ಎಲ್ಲಿ ಸಿಗಬೇಕು? ಒಣದ್ರಾಕ್ಷಿಯ ಶರಬತ್ತು ಮಾಡಿಕೊಂಡರು. ಅದೂ ಬಳ್ಳಿಯ ಹಣ್ಣೇ ತಾನೆ.

ಗಾಣ ಅಂದೆನಲ್ಲ. ಇವರನ್ನು ಕೊಂಕಣದಲ್ಲಿ 'ಶನಿವಾರ ತೇಲಿ' ಅಂತ ಕರೆಯುತ್ತಿದ್ದರಂತೆ. ಎಣ್ಣೆ ತೆಗೆಯುವ ಕಸುಬು, ಶನಿವಾರ ಮಾತ್ರ ಗಾಣ ಬಂದ್. ಹಡಗು ಒಡೆದು ಅಲಿಬಾಗ್ ಹತ್ತಿರದ ನವಗಾಂವ್ ದಡಕ್ಕೆ ಏಳು ಗಂಡಸರು, ಏಳು ಹೆಂಗಸರು ಬಂದು ಬಿದ್ದರು, ಅವರ ಸಂತಾನ ನಾವು ಅನ್ನುವುದು ಅವರ ನಂಬಿಕೆ. ಪುಸ್ತಕ ಎಲ್ಲ ಸಮುದ್ರಪಾಲು. ಭಾಷೆ ಮರೆತುಹೋಯಿತು. ಉಳಿದದ್ದು 'ಶೆಮಾ ಇಸ್ರಾಯೇಲ್' ಅನ್ನುವ ಒಂದು ಪ್ರಾರ್ಥನೆ, ಸುನ್ನತಿ, ಊಟದ ಕೆಲವು ಕಟ್ಟುಪಾಡು, ಮತ್ತೆ ಈ ಶನಿವಾರ. ನನಗೆ ಇದನ್ನು ಎಷ್ಟು ಸಲ ಕೇಳಿದರೂ ಸಾಕಾಗುವುದಿಲ್ಲ. ಎಲ್ಲ ಮರೆತ ಜನ, ವಾರದಲ್ಲಿ ಒಂದು ದಿನ ಕೆಲಸ ನಿಲ್ಲಿಸಬೇಕು ಅನ್ನುವುದನ್ನು ಮಾತ್ರ ಮರೆಯಲಿಲ್ಲ.

ಕಾಕಾರಿಗೆ ಮೊಣಕಾಲಿನ ಆಪರೇಷನ್ ಆದ ಮೇಲೆ ಶನಿವಾರ ಬೆಳಿಗ್ಗೆ ನಾನೇ ಕೈ ಹಿಡಿದು ಪ್ರಾರ್ಥನೆಗೆ ಕರೆದುಕೊಂಡು ಹೋಗುತ್ತೇನೆ. ಸಬ್ಬತ್ ದಿನ ಅವರು ಗಾಡಿ ಹತ್ತುವುದಿಲ್ಲ. ಟೇಂಭಿ ನಾಕಾ ಹತ್ತಿರ ಅವರ ಸಿನಗಾಗ್, ಅಂದರೆ ಪ್ರಾರ್ಥನಾ ಮಂದಿರ ಇದೆ, ಶಾರ್ ಹಶಾಮಾಯಿಮ್, ಅಂದರೆ ಸ್ವರ್ಗದ ಬಾಗಿಲು. 1879ರಲ್ಲಿ ಕಟ್ಟಿದ್ದು. ಮೊದಲು ಹತ್ತು ನಿಮಿಷದ ದಾರಿ, ಈಗ ಅರ್ಧ ಗಂಟೆ. 2008ರ ನವೆಂಬರಿನಲ್ಲಿ ಮುಂಬಯಿಯ ನರಿಮನ್ ಹೌಸ್ ಮೇಲೆ ದಾಳಿ ಆಯಿತಲ್ಲ, ಆಮೇಲೆ ಇಂಥ ಕಡೆ ಪೊಲೀಸ್ ಕಾವಲು ಬಂತು. ಮೊದಲ ವಾರ ನನ್ನ ಆಧಾರ್ ಕಾರ್ಡ್ ತೋರಿಸಿದೆ. ಈಗ ಕಾವಲಿನವರು ಕಾಕಾರ ಕಾಲು ಹೇಗಿದೆ ಅಂತ ನನ್ನನ್ನೇ ಕೇಳುತ್ತಾರೆ.

ನಾನು ತಲೆಗೆ ಟೋಪಿ ಹಾಕಿ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ನಡುವೆ ಒಂದು ಕಟ್ಟೆ, ಅಲ್ಲಿ ಹಜ್ಜಾನ್ ನಿಂತು ಪ್ರಾರ್ಥನೆ ನಡೆಸುತ್ತಾರೆ. ಗೋಡೆಯ ಕಪಾಟಿನ ಪರದೆ ಸರಿಸಿ ಅವರ ಧರ್ಮಗ್ರಂಥ ತೋರಾ ತೆಗೆದಾಗ ಎಲ್ಲರೂ ಎದ್ದು ನಿಲ್ಲುತ್ತಾರೆ. ಪುಸ್ತಕ ಅಲ್ಲ ಅದು, ಮರದ ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿದ ಚರ್ಮದ ಸುರುಳಿ. ಮೇಲೆ ಬೆಳ್ಳಿಯ ಗೆಜ್ಜೆ, ಹೊತ್ತು ತರುವಾಗ ಘಲ್ ಘಲ್ ಅನ್ನುತ್ತದೆ. ನಮ್ಮೂರ ಪಲ್ಲಕ್ಕಿ ನೆನಪಾಗದೆ ಇರುವುದಿಲ್ಲ. ಓದುವವರು ಅಕ್ಷರವನ್ನು ಬೆರಳಿನಿಂದ ಮುಟ್ಟುವುದಿಲ್ಲ. ತುದಿಯಲ್ಲಿ ಸಣ್ಣ ಕೈ ಇರುವ ಬೆಳ್ಳಿ ಕಡ್ಡಿಯಿಂದ ಸಾಲು ತೋರಿಸಿಕೊಂಡು, ಸ್ವರಚಿಹ್ನೆ ಒಂದೂ ಇಲ್ಲದ ಬರಹವನ್ನು ರಾಗವಾಗಿ ಓದುತ್ತಾರೆ. ವಾರಕ್ಕೊಂದು ಭಾಗ. ಸಬ್ಬತ್ ದಿನ ಏಳು ಜನರನ್ನು ಒಬ್ಬೊಬ್ಬರಾಗಿ ಮುಂದೆ ಕರೆಯುತ್ತಾರೆ. ವರ್ಷದ ಕೊನೆಗೆ ಮುಗಿದ ದಿನವೇ ಮತ್ತೆ ಮೊದಲಿನಿಂದ ಶುರು.

ಕೊನೆಗೆ ಒಂದು ಚಂದದ ಪದ್ಧತಿ ಇದೆ. ಒಬ್ಬರು ಕೈ ಚಾಚುತ್ತಾರೆ, ಇನ್ನೊಬ್ಬರು ಆ ಕೈ ಮುಟ್ಟಿ ತಮ್ಮ ಬೆರಳ ತುದಿಯನ್ನು ತುಟಿಗೆ ತಗುಲಿಸಿಕೊಳ್ಳುತ್ತಾರೆ. ಹಿರಿಯರಿಂದ ಕಿರಿಯರಿಗೆ, ಒಬ್ಬರಿಂದ ಒಬ್ಬರಿಗೆ ಹೀಗೇ ಸಾಗುತ್ತದೆ. ಮೂರನೇ ವಾರವೋ ಏನೋ, ಒಬ್ಬ ಅಜ್ಜ ನನ್ನ ಮುಂದೆಯೂ ಕೈ ಚಾಚಿದರು. ಮುಟ್ಟಿದೆ. ಒರಟು ಕೈ, ಬೆಚ್ಚಗಿತ್ತು.

ಆಮೇಲೆ ಅಂಗಳದಲ್ಲಿ ಮಾತುಕತೆ. ಯಾರ ಮೊಮ್ಮಗ ಇಸ್ರೇಲಿನ ಅಶ್ದೋದ್‌ನಲ್ಲಿ ಸೈನ್ಯಕ್ಕೆ ಸೇರಿದ, ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಹಬ್ಬದ ಅಡಿಗೆ ಯಾರದ್ದು. ಇವರ ಹಬ್ಬದ ಹೆಸರುಗಳೂ ಮರಾಠಿಯೇ. ಉಪವಾಸದ ಯೋಮ್ ಕಿಪ್ಪುರ್ ಅಂದರೆ ಬಾಗಿಲು ಮುಚ್ಚುವ ಹಬ್ಬ. ಪುರೀಮ್ ಅಂದರೆ ಹೋಳಿ ಹಬ್ಬ, ಮನೆಯಲ್ಲಿ ಹೋಳಿಗೆ. ಮಾಂಸದ ಜೊತೆ ಹಾಲು ಸೇರಿಸುವ ಹಾಗಿಲ್ಲವಲ್ಲ, ಅದಕ್ಕೆ ತೆಂಗಿನ ಹಾಲು ಹಾಕುತ್ತಾರೆ. ಇಡೀ ದೇಶದಲ್ಲಿ ಈಗ ಎಲ್ಲ ಯಹೂದಿಗಳೂ ಸೇರಿ ನಾಲ್ಕೈದು ಸಾವಿರ ಜನ, ಹೆಚ್ಚಿನವರು ಮುಂಬಯಿ ಮತ್ತು ಠಾಣೆಯಲ್ಲಿ. 1948ರಲ್ಲಿ ಇಸ್ರೇಲ್ ಆದ ಮೇಲೆ ಮನೆಮನೆಯಿಂದ ಹೊರಟರು. ಕಾಕಾರ ಮಗನೂ ಹೋದ. ಮಗಳು ಕಲ್ಯಾಣದಲ್ಲಿದ್ದಾಳೆ.

ನಾವು ಎರಡನೇ ವರ್ಷ ಶ್ರೀರಂಗಪಟ್ಟಣಕ್ಕೆ ಟ್ರಿಪ್ ಹೋಗಿದ್ದು ನೆನಪಿದೆಯಾ? ಸೆರೆಮನೆ ಬಾಗಿಲಲ್ಲಿ ನೀನು ಮಾಡಿದ ಭಾಷಣ? ಕಾಕಾ ಒಂದು ದಿನ ನನ್ನನ್ನು ಕೂರಿಸಿ, "ನಿಮ್ಮ ಟಿಪ್ಪು ಇಲ್ಲದಿದ್ದರೆ ನಮ್ಮ ಮೊದಲ ಸಿನಗಾಗ್ ಇಲ್ಲ" ಅಂದರು. ಸ್ಯಾಮುಯೆಲ್ ದಿವೇಕರ್ ಅಂತ ಕಂಪನಿ ಸೈನ್ಯದಲ್ಲಿದ್ದ ಬೆನೆ ಇಸ್ರೇಲ್. ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕೈಗೆ ಸೆರೆ ಸಿಕ್ಕಿದರು. ನೀನು ಯಾವ ಜಾತಿ ಅಂತ ಕೇಳಿದಾಗ ಬೆನೆ ಇಸ್ರೇಲ್ ಅಂದರಂತೆ. ಟಿಪ್ಪುವಿನ ತಾಯಿ, ಕುರಾನಿನಲ್ಲಿ ಈ ಹೆಸರು ಓದಿದ್ದೇನೆ, ಕಣ್ಣಾರೆ ನೋಡಿರಲಿಲ್ಲ, ಇವರನ್ನು ಉಳಿಸು ಅಂದರಂತೆ. ಬದುಕಿ ಬಂದ ದಿವೇಕರ್ 1796ರಲ್ಲಿ ಮುಂಬಯಿಯಲ್ಲಿ ಶಾರ್ ಹರಹಮೀಮ್ ಕಟ್ಟಿಸಿದರು, ದಯೆಯ ಬಾಗಿಲು. ತಾಯಿಯ ಮಾತು ಅವರಲ್ಲಿ ಬಾಯಿಂದ ಬಾಯಿಗೆ ಬಂದ ಕಥೆ. ಕಟ್ಟಡ ಮಾತ್ರ ಇದೆ, ಆ ಬೀದಿಗೆ ಸ್ಯಾಮುಯೆಲ್ ಸ್ಟ್ರೀಟ್ ಅಂತಲೇ ಹೆಸರು. ಜನ ಅದನ್ನು ಹಳೇ ಮಸೀದಿ ಅನ್ನುತ್ತಿದ್ದರು, ಮಸ್ಜಿದ್ ಸ್ಟೇಷನ್‌ಗೆ ಹೆಸರು ಬಂದದ್ದೂ ಅದರಿಂದಲೇ ಅನ್ನುತ್ತಾರೆ. ಇಷ್ಟು ವರ್ಷ ದಿನಾ ಇಳಿದು ಹತ್ತುವ ಸ್ಟೇಷನ್, ದೋಸ್ತ. ಅದರ ಬೇರು ನಮ್ಮ ಕಾವೇರಿ ದಡದಲ್ಲಿದೆ ಅಂತ ತಿಳಿದಾಗ ಮೈ ಜುಂ ಅಂದಿತು.

ಕಾಲು ಸರಿಹೋದ ಮೇಲೆ ಕಾಕಾ ಮನೆಯಲ್ಲಿ ಹರಕೆ ತೀರಿಸಿದರು. ಅದಕ್ಕೆ ಮಲಿದಾ ಅನ್ನುತ್ತಾರೆ. ಹೆಸರು ಕೇಳಿ ನಮ್ಮೂರ ಅಲಾಯಿ ಹಬ್ಬ ಕಣ್ಣ ಮುಂದೆ ಬಂತು. ಇವರದ್ದು ಅವಲಕ್ಕಿ. ನೆನೆಸಿದ ಅವಲಕ್ಕಿಗೆ ಸಿಹಿ, ಕಾಯಿತುರಿ, ಏಲಕ್ಕಿ ಸೇರಿಸಿ ದೊಡ್ಡ ತಾಟಿನಲ್ಲಿ ಗುಡ್ಡೆ ಮಾಡಿ, ಸುತ್ತ ಐದು ಬಗೆ ಹಣ್ಣು ಇಡುತ್ತಾರೆ. ಎಲಿಯಾಹು ಹನ್ನಾಬಿ, ಅಂದರೆ ಪ್ರವಾದಿ ಎಲೀಯನ ಹೆಸರಲ್ಲಿ ಹಾಡು. ಮರದ ಹಣ್ಣಿಗೆ ಒಂದು ಮಂತ್ರ, ನೆಲದ ಬೆಳೆಗೆ ಇನ್ನೊಂದು. ಬಾಳೆಹಣ್ಣು ನೆಲದ ಲೆಕ್ಕಕ್ಕೆ ಸೇರುತ್ತದೆ, ಯಾಕೆಂದರೆ ಬಾಳೆ ಮರವೇ ಅಲ್ಲ. ಬಾಳೆಗಿಡ ಅನ್ನುವ ನಮಗೂ ಅದು ಗೊತ್ತು ಬಿಡು. ನಾನು ಒಂದು ತಟ್ಟೆ ತಿಂದು, ಇನ್ನೊಂದು ಮನೆಗೂ ಕಟ್ಟಿಸಿಕೊಂಡು ಬಂದೆ.

ನಿನಗೆ ಬರೆಯಬೇಕು ಅಂದುಕೊಂಡದ್ದು ಇಷ್ಟೇ. ಆದರೆ ಹೋದ ಮಂಗಳವಾರದ್ದೊಂದು ಇದೆ.

ಅವತ್ತು ಸಂಜೆ ಕಾಕೂರ, ಅಂದರೆ ತೀರಿಕೊಂಡ ಕಾಕಾರ ಹೆಂಡತಿಯ, ವರ್ಷದ ದಿನ. ನಮ್ಮ ತಿಥಿಯ ಹಾಗೆ ಇವರದ್ದೂ ಚಂದ್ರನ ಲೆಕ್ಕ, ಹತ್ತೊಂಬತ್ತು ವರ್ಷಕ್ಕೆ ಏಳು ಅಧಿಕ ಮಾಸ. ದಿನ ಶುರುವಾಗುವುದು ಸಂಜೆಗೆ. ಕಾಕಾ ಮನೆಯಲ್ಲೇ ಪ್ರಾರ್ಥನೆ ಇಟ್ಟಿದ್ದರು. ತೀರಿಕೊಂಡವರಿಗಾಗಿ ಹೇಳುವುದು ಕದ್ದೀಶ್. ಅದನ್ನು ಒಬ್ಬರೇ ಹೇಳುವಂತಿಲ್ಲ. ಹತ್ತು ಜನ ದೊಡ್ಡವರು ಇರಲೇಬೇಕು, ಅದಕ್ಕೆ ಮಿನ್ಯಾನ್ ಅನ್ನುತ್ತಾರೆ. ಒಂಬತ್ತು ಜನ ಎಷ್ಟೇ ಭಕ್ತಿಯಿಂದ ನಿಂತರೂ ಆಗುವುದಿಲ್ಲ.

ಅವತ್ತು ಮಳೆ ಹೇಗಿತ್ತು ಗೊತ್ತಾ. ಲೋಕಲ್ ಅಲ್ಲಲ್ಲೇ ನಿಂತಿದ್ದವು. ಒಬ್ಬೊಬ್ಬರೇ ನೆನೆದುಕೊಂಡು ಬಂದರು. ಏಳು ಗಂಟೆಗೆ ಕಾಕಾ ಎಣಿಸಿದರು. ಮನುಷ್ಯರನ್ನು ಒಂದು, ಎರಡು ಅಂತ ಎಣಿಸಬಾರದು ಅನ್ನುವುದು ಅವರ ಪದ್ಧತಿ. ಹತ್ತು ಶಬ್ದಗಳ ಒಂದು ಸಾಲು ಇದೆ, ತಲೆಗೊಂದು ಶಬ್ದ ಹೇಳುತ್ತಾ ಹೋಗುತ್ತಾರೆ. ನಿನ್ನ ಜನರನ್ನು ಕಾಪಾಡು, ಎಂದೆಂದಿನ ತನಕ ಎತ್ತಿಕೊಂಡು ನಡೆಸು ಅಂತ ಅದರ ಭಾವ. ಹೋಶಿಯಾ, ಎತ್, ಅಮೆಖಾ... ಅಂತ ಶುರುವಾಗಿ ಒಂಬತ್ತನೇ ತಲೆಗೆ 'ಅದ್' ಬಂತು. 'ಅದ್' ಅಂದರೆ 'ತನಕ'. ಅಲ್ಲಿಗೆ ನಿಂತಿತು. ಹತ್ತನೇ ಶಬ್ದಕ್ಕೆ ಜನ ಇಲ್ಲ. ಕಾಕಾರ ಕೈ ನನ್ನ ಹತ್ತಿರ ಬಂದು, ಮೆಲ್ಲಗೆ ನನ್ನನ್ನು ದಾಟಿ ಹೋಯಿತು. ನನಗೆ ಬೇಜಾರು ಆಗಲಿಲ್ಲ, ನಾನು ಅವರ ಲೆಕ್ಕದವನಲ್ಲ. ಬೇಜಾರಾಗಿದ್ದು ಬೇರೆ. ಬೆಳಿಗ್ಗೆಯಿಂದ ಅಡಿಗೆ ಮಾಡಿ, ಅಮ್ಮನ ಫೋಟೋ ಒರೆಸಿ, ಎಲ್ಲರ ಒದ್ದೆ ಚಪ್ಪಲಿ ಒಳಗೆ ಎತ್ತಿಟ್ಟ ಮಗಳು ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದಳು. ಅವಳನ್ನೂ ಎಣಿಸಲಿಲ್ಲ. ಹಳೆಯ ಪದ್ಧತಿಯಲ್ಲಿ ಗಂಡಸರಿಗಷ್ಟೇ ಲೆಕ್ಕ. ಇದು ನನಗೆ ಸರಿ ಕಾಣುವುದಿಲ್ಲ. ಸುಧಾರಣೆ ಒಪ್ಪಿದ ಸಭೆಗಳಲ್ಲಿ ಹೆಂಗಸರನ್ನೂ ಎಣಿಸುತ್ತಾರೆ. ಮುಂಬಯಿಯಲ್ಲಿ ಅಂಥದ್ದೊಂದು ಸಂಘವನ್ನು 1925ರಲ್ಲಿ ಶುರು ಮಾಡಿದ ಡಾಕ್ಟರ್ ಜೆರೂಷಾ ಝಿರಾದ್ ನಮ್ಮ ಶಿವಮೊಗ್ಗದಲ್ಲಿ ಹುಟ್ಟಿದವರು. ಕಾಕಾರಿಗೆ ಅದನ್ನು ಹೇಳಬೇಕು ಅನಿಸಿತು. ಅವತ್ತು ಹೇಳುವ ಹೊತ್ತಲ್ಲ.

ಯಾರೋ ಯಾರಿಗೋ ಫೋನ್ ಮಾಡಿದರು. "ಒಂಬತ್ತು ಜನ ಇದ್ದೇವೆ, ಇನ್ನೊಬ್ಬರು ಬೇಕು." ಅಷ್ಟೇ ಮಾತು. ಕಾದೆವು. ಯಾರೂ ಎದ್ದು ಹೋಗಲಿಲ್ಲ. ಕಾಕಾ ಬಾಗಿಲ ಕಡೆಯೇ ನೋಡುತ್ತಾ ಕೂತಿದ್ದರು. ಎಂಟು ಹತ್ತಕ್ಕೆ ಒಬ್ಬ ಹುಡುಗ ಬಂದ, ಇಪ್ಪತ್ತೈದು ಇರಬಹುದು. ಭಾಯ್ಖಳಾದಿಂದ ಹೊರಟವನು, ಭಾಂಡುಪ್‌ನಲ್ಲಿ ಗಾಡಿ ನಿಂತಿತು ಅಂತ ಇಳಿದು, ಸ್ವಲ್ಪ ನಡೆದು, ಆಮೇಲೆ ರಿಕ್ಷಾ ಹಿಡಿದಿದ್ದ. ಪ್ಯಾಂಟು ಮೊಣಕಾಲಿನ ತನಕ ಕೆಸರು. ಕಾಕೂರನ್ನು ಅವನು ಒಮ್ಮೆಯೂ ನೋಡಿದವನಲ್ಲ. ಮಗಳು ಟವೆಲ್ ಕೊಟ್ಟಳು. ತಲೆ ಒರೆಸಿಕೊಂಡು, ಟೋಪಿ ಹಾಕಿ, ಸಾಲಿನಲ್ಲಿ ನಿಂತ. ಕಾಕಾ ಎದ್ದರು. "ಯಿತ್‌ಗದ್ದಲ್ ವೆಯಿತ್‌ಕದ್ದಶ್..." ಅವರ ಗಂಟಲು ಕಟ್ಟಿತು. ಒಂಬತ್ತು ಜನ ಒಟ್ಟಿಗೆ "ಆಮೇನ್" ಅಂದರು. ಆ ದನಿಯ ಆಸರೆಯಲ್ಲಿ ಕಾಕಾ ಮುಂದಿನ ಸಾಲು ಹೇಳಿದರು. ಕದ್ದೀಶಿನಲ್ಲಿ ಸಾವಿನ ಮಾತೇ ಇಲ್ಲವಂತೆ, ಬರೀ ದೇವರ ಹೊಗಳಿಕೆ. ಅವತ್ತು ನನಗೆ ಅರ್ಥವಾದದ್ದು ಆ ಆಮೇನ್ ಒಂದೇ.

ಊಟ ಮಾಡದೆ ಮೇಲೆ ಬಂದೆ. ನಿದ್ದೆ ಬರಲಿಲ್ಲ.

ಎರಡು ವರ್ಷದ ಹಿಂದೆ, ಫೆಬ್ರವರಿಯ ಒಂದು ಶನಿವಾರ, ಬೆಳಿಗ್ಗೆ ಹತ್ತೂವರೆಗೆ ನೀನು ಎರಡು ಶಬ್ದ ಕಳಿಸಿದ್ದೆ. "ಅವ್ವ ಹೋದ್ಲು." ನಾನು ಉತ್ತರ ಬರೆದದ್ದು ಮಧ್ಯಾಹ್ನ ಎರಡೂವರೆಗೆ. ಟಿಕೆಟ್ ಸಿಗುತ್ತಿಲ್ಲ, ಮಾಲೀಕರು ರಜೆ ಕೊಡುತ್ತಿಲ್ಲ ಅಂತ. ಕೆಳಗೆ ಕೈಮುಗಿದ ಚಿತ್ರ.

ದೋಸ್ತ, ನಾನು ಟಿಕೆಟ್ ನೋಡಿರಲೇ ಇಲ್ಲ. ರಜೆ ಕೇಳಿರಲೇ ಇಲ್ಲ. ಅಲಿಬಾಗ್ ಬೀಚಿನಲ್ಲಿದ್ದೆ. ಅಂಗಡಿಯವರೆಲ್ಲ ಪಿಕ್ನಿಕ್ ಹೋಗಿದ್ದೆವು. ನಿನ್ನ ಮೆಸೇಜ್ ಓದಿದೆ. ಫೋನ್ ಜೇಬಿಗೆ ಹಾಕಿಕೊಂಡೆ. ಊಟಕ್ಕೆ ಕೂತೆ. ಎರಡು ಲೋಟ ಸೋಲ್ ಕಢಿ ಕುಡಿದೆ, ಅದೂ ನೆನಪಿದೆ.

ಮೂರು ವರ್ಷ ಅವ್ವನ ಕೈಯ ರೊಟ್ಟಿ ತಿಂದವನು ನಾನು. ಒಲೆ ಮುಂದೆ ಕೂತು, ಬಿಸಿ ರೊಟ್ಟಿಯನ್ನು ಮೊದಲು ನನ್ನ ತಾಟಿಗೆ ಹಾಕಿ, ಆಮೇಲೆ ನಿನಗೆ ಹಾಕುತ್ತಿದ್ದಳು. ನೀನು ಜಗಳ ತೆಗೆಯುತ್ತಿದ್ದೆ. ಆ ಒಲೆ ಮುಂದೆ ಅವಳಿಲ್ಲದ್ದನ್ನು ನೋಡಲಾರೆ, ಅದಕ್ಕೇ ಬರಲಿಲ್ಲ ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸ್ವಲ್ಪ ನಿಜ. ಪೂರ್ತಿ ಅಲ್ಲ. ನಿಜವಾಗಿ ಅಂದುಕೊಂಡದ್ದು, ಓಣಿ ತುಂಬ ಜನ ಇರುತ್ತಾರೆ, ನಾನೊಬ್ಬ ಹೋಗದಿದ್ದರೆ ಯಾರಿಗೆ ಗೊತ್ತಾಗುತ್ತದೆ ಅಂತ.

ಹೋದ ವರ್ಷ ಮದುವೆಯಲ್ಲಿ ನಿನ್ನ ತಮ್ಮ ಸಿಕ್ಕಿದ್ದ. ಮಾತಿಗೆ ಮಾತು ಬಂದು ಹೇಳಿದ. ನನ್ನ ಉತ್ತರ ಬರುವ ತನಕ ನೀನು ಎತ್ತಗೊಡಲಿಲ್ಲವಂತೆ. "ಅವನು ಬರ್ತಾನೋ ಇಲ್ಲೋ ಗೊತ್ತಾಗ್ಲಿ" ಅಂತ ಎಲ್ಲರನ್ನೂ ಕೂರಿಸಿದ್ದೆಯಂತೆ. ನಾಲ್ಕು ತಾಸು. ನೀನು ಒಂದು ದಿನವೂ ನನಗೆ ಇದನ್ನು ಹೇಳಲಿಲ್ಲ. ತಮ್ಮ ಹೇಳಿದಾಗ ಕೈ ತೊಳೆಯಲು ಎದ್ದು ಹೋದೆ. ಆಮೇಲೂ ನಿನಗೆ ಫೋನ್ ಮಾಡಲಿಲ್ಲ.

ಕಾಕಾ ಬಾಗಿಲು ನೋಡುತ್ತಾ ಕೂತಿದ್ದರಲ್ಲ ಮಂಗಳವಾರ. ಆ ಮುಖದಲ್ಲಿ ನೀನು ಕಂಡೆ. ಕ್ಷಮಿಸು ಅಂತ ಬರೆಯುವುದು ಸುಲಭ. ಸುಳ್ಳು ಹೇಳಿದ್ದೆ ಅಂತ ಬರೆಯುವುದು ಕಷ್ಟ, ಅದನ್ನು ಬರೆದಿದ್ದೇನೆ.

ಸಾಕು. ಅವಲಕ್ಕಿ ಬಗ್ಗೆ ಬರೆಯಲು ಕೂತವನು ಎಲ್ಲಿಗೋ ಹೋದೆ. ಹೆಂಡತಿ ಎರಡು ಸಲ ಬಂದು, ಇಷ್ಟೊತ್ತು ಏನು ಬರೆಯುತ್ತಿದ್ದೀರಿ ಅಂತ ಕೇಳಿ ಹೋದಳು. ನಿನಗೆ ಅಂದೆ. "ಹಂಗಾದ್ರೆ ಮುಗಿಯೋದಿಲ್ಲ ಬಿಡಿ" ಅಂದಳು.

ಈ ಶುಕ್ರವಾರ ರಾತ್ರಿ ಬಸ್ ಹತ್ತುತ್ತೇನೆ, ಸೀಟು ಆಗಿದೆ. ಕಾಕಾರನ್ನು ಕರೆದುಕೊಂಡು ಹೋಗಲು ಮೂರನೇ ಮಹಡಿಯ ಹುಡುಗ ಒಪ್ಪಿದ್ದಾನೆ. ದ್ರಾಕ್ಷಿ ನಾಳೆಯೇ ತಂದುಕೊಡುತ್ತೇನೆ. ಧಾರವಾಡಕ್ಕೆ ಯಾಕೆ ಅಂತ ಕಾಕಾ ಕೇಳಿದರು. ಗೆಳೆಯನ ಅವ್ವನ ಮನೆಗೆ ಅಂದೆ. ಬೇರೇನೂ ಕೇಳಲಿಲ್ಲ. ಒಂದು ಡಬ್ಬಿ ಮಲಿದಾ ಕೊಡುತ್ತೇನೆ ಅಂದಿದ್ದಾರೆ. ಬಸ್ಸಿನಲ್ಲಿ ನಾನೇ ತಿನ್ನದಿದ್ದರೆ ನಿನಗೆ ಸಿಗುತ್ತದೆ.

ಸ್ಟ್ಯಾಂಡಿಗೆ ತಮ್ಮನನ್ನು ಕಳಿಸಬೇಡ, ನೀನೇ ಬಾ. ಛತ್ರಿ ತರುತ್ತಿದ್ದೇನೆ, ಹೌದು, ಅದೇ ಛತ್ರಿ. ಚಹಾ ನೀನೇ ಮಾಡು, ಆದರೆ ಸಕ್ಕರೆ ಆ ನೀಲಿ ಡಬ್ಬಿಯಿಂದ ಹಾಕಬೇಡ.

ಇಂತಿ ನಿನ್ನ,
ಹದಿನಾಲ್ಕನೇ ನಂಬರ್